ಹಸಿರು ಸಹಿ ಎಷ್ಟು ದಿನ ಹಸಿರು?

‘ಶಾಯಿ’ ಎಂಬ ಮಾತಿನ ಮೂಲ ಪರ್ಷಿಯನ್ ಭಾಷೆಯ ‘ಸಿಯಾಹಿ’. ಹಾಗೆಂದರೆ ಕಪ್ಪು. ನಮ್ಮದೇ ಆದ ‘ಮಸಿ’ ಪದಕ್ಕೂ ಮೊದಲ ಅರ್ಥ ದೀಪದ ಕಾಡಿಗೆ, ಒಲೆಯ ಕರಿ. ಈ ಲೆಕ್ಕದಲ್ಲಿ ‘ಹಸಿರು ಶಾಯಿ’ ಎಂದರೆ ‘ಹಸಿರು ಕಪ್ಪು’ ಎಂದಂತಾಯಿತು! ಆದರೂ ಈ ವಿಚಿತ್ರ ಮಾತು ನಮ್ಮ ಜನಜೀವನದಲ್ಲಿ ಎಷ್ಟು ಬೇರೂರಿದೆ ಎಂದರೆ, ದಾವಣಗೆರೆ ಮತ್ತು ಹರಿಹರದ ನಡುವಿನ ಬಾತಿಯಂಥ ಊರಿನಲ್ಲೂ ಹಸಿರು ಶಾಯಿ ಎಂದೊಡನೆ ನೆನಪಾಗುವುದು ದೊಡ್ಡ ಸಾಹೇಬರ ಸಹಿ.

ಅಂಕಪಟ್ಟಿಯ ನಕಲು, ಜಾತಿ ಪ್ರಮಾಣಪತ್ರದ ನಕಲು, ಕೆಲಸದ ಅರ್ಜಿ ಎಲ್ಲಕ್ಕೂ ಗೆಜೆಟೆಡ್ ಅಧಿಕಾರಿಯ ಸಹಿ ಬೇಕಿದ್ದ ಕಾಲವೊಂದಿತ್ತು. ಆ ಸಹಿ ಹಸಿರಾಗಿದ್ದರೇ ಅದಕ್ಕೆ ತೂಕ ಎಂದು ಜನ ನಂಬಿದ್ದರು. ಅದನ್ನು ಪಡೆಯಲು ಬಸ್ಸು ಹತ್ತಿ ಪೇಟೆಗೆ ಹೋಗಿ ಕಚೇರಿಯ ಬಾಗಿಲಲ್ಲಿ ಕಾದವರು ಎಷ್ಟೋ ಮಂದಿ. 2014ರಲ್ಲಿ ಕೇಂದ್ರ ಸರ್ಕಾರ ಸ್ವಯಂ ದೃಢೀಕರಣಕ್ಕೆ ಒತ್ತು ಕೊಟ್ಟ ಮೇಲೆ ಈ ಅಲೆದಾಟ ಬಹುಮಟ್ಟಿಗೆ ತಗ್ಗಿತು. ಆದರೆ ಅಂದು ಪಡೆದ ಕಾಗದಗಳು ಇನ್ನೂ ಟ್ರಂಕಿನ ತಳದಲ್ಲಿ, ಬೀರುವಿನ ಮೂಲೆಯಲ್ಲಿ ಇವೆ. ಅವುಗಳ ಮೇಲಿನ ಹಸಿರು ಎಷ್ಟು ಕಾಲ ಉಳಿದೀತು?

ಇತ್ತ ಫೌಂಟನ್ ಪೆನ್ನಿಗೆ ಮತ್ತೆ ಅಭಿಮಾನಿಗಳು ಹುಟ್ಟಿಕೊಂಡಿದ್ದಾರೆ. ಗಿಳಿಹಸಿರು, ಎಳೆ ಭತ್ತದ ಸಸಿಯ ಹಸಿರು ಹೀಗೆ ಕಣ್ಣು ಕೋರೈಸುವ ಶಾಯಿಗಳು ಅಂಗಡಿಯಲ್ಲಿ ದೊರೆಯುತ್ತವೆ. ಅವುಗಳ ಚೆಲುವಿಗೆ ಮರುಳಾಗಿ ದಿನಚರಿ, ಮನೆಯ ಲೆಕ್ಕ, ಕಾಗದ ಪತ್ರ ಎಲ್ಲವನ್ನೂ ಅದರಲ್ಲೇ ಬರೆಯುವವರಿದ್ದಾರೆ. ಬರೆಯುವ ಮುನ್ನ ಶಾಯಿಯನ್ನು ಪರೀಕ್ಷಿಸಿ ನೋಡುವುದು ಜಾಣತನ. ಅದಕ್ಕೆ ಪ್ರಯೋಗಾಲಯವೇನೂ ಬೇಡ.

ಗೀರಿ ಬರೆದ ಕಾಲ

ಬರಹ ಉಳಿಯಬೇಕು ಎಂಬ ಚಿಂತೆ ಇಂದಿನದಲ್ಲ. ಹರಿಹರದ ಹರಿಹರೇಶ್ವರ ದೇವಾಲಯವನ್ನು 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ. ಅಲ್ಲಿನ ಶಾಸನಗಳನ್ನು ಇಂದಿಗೂ ಓದಬಹುದು. ಅಲ್ಲಿ ಬಣ್ಣವೇ ಇಲ್ಲ, ಕಲ್ಲಿನಲ್ಲಿ ಕೊರೆದ ಗೀರೇ ಅಕ್ಷರ. ತಾಳೆಗರಿಯ ಕಥೆಯೂ ಇದೇ. ಕಂಟದಿಂದ ಮೊದಲು ಗೀರಿ, ಆಮೇಲೆ ಕಾಡಿಗೆ ಸವರಿ ಒರೆಸುತ್ತಿದ್ದರು. ಕಾಡಿಗೆ ಮಾಸಿದರೆ ಮತ್ತೆ ಸವರಬಹುದಿತ್ತು, ಗೀರು ಹಾಗೆಯೇ ಇರುತ್ತಿತ್ತು. ಮಠಗಳೂ ವ್ಯಾಪಾರಿಗಳೂ ಬಳಸುತ್ತಿದ್ದ ಕಡತವೆಂದರೆ ಹುಣಿಸೆ ಬೀಜದ ಸರಿ ಮತ್ತು ಇದ್ದಲಿನ ಪುಡಿ ಬಳಿದು ಕಪ್ಪಾಗಿಸಿದ ಬಟ್ಟೆ. ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು.

ಕಾಗದ ಬಂದ ಮೇಲೆ ಗೀರುವಂತಿಲ್ಲ, ಬಣ್ಣವನ್ನೇ ನಂಬಬೇಕು. ಕಾಡಿಗೆಯನ್ನು ಗೋಂದಿನಲ್ಲಿ ಅರೆದು ಮಾಡಿದ ಮಸಿ ಗಟ್ಟಿಗ. ಅದು ಇಂಗಾಲವಾದ್ದರಿಂದ ಬಿಸಿಲಿಗೆ ಬಗ್ಗುವುದಿಲ್ಲ. ಇನ್ನೊಂದು, ಅಳಲೆಕಾಯಿಯಂಥ ಒಗರು ಕಾಯಿಯ ಕಷಾಯಕ್ಕೆ ಅನ್ನಭೇದಿ ಬೆರೆಸಿದ ಶಾಯಿ. ಅನ್ನಭೇದಿ ಎಂದರೆ ಕಬ್ಬಿಣದ ಲವಣ, ನೋಡಲು ತೆಳು ಹಸಿರು ಹರಳು. ಕಾಯಿಯ ಒಗರು ಕಬ್ಬಿಣದೊಡನೆ ಸೇರಿ, ಗಾಳಿ ತಾಗಿದಂತೆ ಕಾಗದದ ನಾರಿನೊಳಗೇ ಕಪ್ಪಾಗಿ ಕೂರುತ್ತದೆ. ಹಳೆಯ ದಸ್ತಾವೇಜುಗಳ ‘ಬ್ಲೂ-ಬ್ಲ್ಯಾಕ್’ ಶಾಯಿ ಇದೇ ವಂಶದ್ದು. ಬರೆಯುವಾಗ ಅಕ್ಷರ ಕಾಣಲೆಂದು ಅದಕ್ಕೆ ನೀಲಿ ಬಣ್ಣ ಸೇರಿಸಿರುತ್ತಾರೆ. ಮಾರನೆಯ ದಿನದಿಂದ ಕಬ್ಬಿಣ ತನ್ನ ಕೆಲಸ ತೋರಿಸುತ್ತದೆ.

ಹಾಗಾದರೆ ಹಸಿರು? ನಮ್ಮ ಹಳೆಯ ಚಿತ್ರಕಾರರು ಹಸಿರನ್ನು ಹೆಚ್ಚಾಗಿ ಎರಡು ಬಣ್ಣ ಬೆರೆಸಿ ಪಡೆಯುತ್ತಿದ್ದರು. ಹರಿತಾಳದ ಹಳದಿಗೆ ನೀಲಿ ಗಿಡದ ನೀಲಿ ಸೇರಿದರೆ ಗಿಳಿಯ ಬಣ್ಣ. ತಾಮ್ರದ ಕಿಲುಬಿನಿಂದ ಬರುವ ಹಸಿರೂ ಇತ್ತು. ಆದರೆ ಅದು ಮಹಾ ದುಷ್ಟ, ಕಾಲಕ್ರಮದಲ್ಲಿ ಕಾಗದವನ್ನೇ ತಿಂದುಬಿಡುತ್ತದೆ. ಮೊಗಲ್ ಮತ್ತು ಪರ್ಷಿಯನ್ ಹಸ್ತಪ್ರತಿಗಳಲ್ಲಿ ಹಸಿರು ಗೆರೆ ಎಳೆದ ಜಾಗದಲ್ಲೇ ಹಾಳೆ ಕಂದಾಗಿ ಬಿರಿದಿರುವುದನ್ನು ತಜ್ಞರು ಗುರುತಿಸಿದ್ದಾರೆ. ಹೀಗೆ ಉಳಿಯುವ ಹಸಿರು ಮೊದಲಿನಿಂದಲೂ ಸುಲಭಕ್ಕೆ ಸಿಕ್ಕಿದ್ದಲ್ಲ.

ಅಧಿಕಾರದ ಬಣ್ಣ

ಉಳಿಯದ ಈ ಬಣ್ಣ ಅಧಿಕಾರದ ಗುರುತಾದದ್ದು ಹೇಗೆ? ಕಚೇರಿಯ ಕಡತದಲ್ಲಿ ಗುಮಾಸ್ತರಿಂದ ಹಿಡಿದು ಕಾರ್ಯದರ್ಶಿಯವರೆಗೆ ಹಲವರ ಕೈಬರಹ ಇರುತ್ತದೆ. ಕೆಳಗಿನವರು ನೀಲಿ, ಕಪ್ಪಿನಲ್ಲಿ ಬರೆದಿದ್ದನ್ನು ಮೇಲಿನವರು ಬೇರೆ ಬಣ್ಣದಲ್ಲಿ ತಿದ್ದಿದರೆ ಯಾರು ಏನು ಬದಲಿಸಿದರು ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಬಣ್ಣದ ಮೂಲ ಪ್ರಯೋಜನ ಇಷ್ಟೇ.

ಕೇಂದ್ರ ಸಚಿವಾಲಯದ ಕಚೇರಿ ಕಾರ್ಯವಿಧಾನ ಕೈಪಿಡಿಯ ಪ್ರಕಾರ ಟಿಪ್ಪಣಿಗಳಿಗೆ ಸಾಮಾನ್ಯವಾಗಿ ನೀಲಿ ಅಥವಾ ಕಪ್ಪು ಶಾಯಿ ಬಳಸಬೇಕು. ಜಂಟಿ ಕಾರ್ಯದರ್ಶಿ ಮತ್ತು ಅವರಿಗಿಂತ ಮೇಲಿನವರು ಮಾತ್ರ, ಅದೂ ಅಪರೂಪದ ಸಂದರ್ಭಗಳಲ್ಲಿ, ಹಸಿರು ಅಥವಾ ಕೆಂಪು ಬಳಸಬಹುದು. ಅಂದರೆ ಗೆಜೆಟೆಡ್ ಅಧಿಕಾರಿಗಳೆಲ್ಲರ ಸಹಿ ಹಸಿರೇ ಆಗಿರಬೇಕು ಎಂಬ ಜನರ ನಂಬಿಕೆಗೆ ಈ ಕೈಪಿಡಿಯಲ್ಲಿ ಆಧಾರವಿಲ್ಲ. ಅದು ರೂಢಿಯಿಂದ ಬೆಳೆದು ಬಂದದ್ದು.

ಈ ಮೋಹ ನಮ್ಮ ದೇಶಕ್ಕೆ ಮಾತ್ರ ಸೀಮಿತವೂ ಅಲ್ಲ. ಬ್ರಿಟನ್ನಿನ ಗುಪ್ತಚರ ಸೇವೆಯ ಮೊದಲ ಮುಖ್ಯಸ್ಥ ಮ್ಯಾನ್ಸ್‌ಫೀಲ್ಡ್ ಕಮಿಂಗ್ ಹಸಿರು ಶಾಯಿಯಲ್ಲಿ ‘ಸಿ’ ಎಂಬ ಒಂದೇ ಅಕ್ಷರದ ಸಹಿ ಹಾಕುತ್ತಿದ್ದ. ಆತ 1923ರಲ್ಲಿ ತೀರಿಕೊಂಡ ಮೇಲೂ ಅವನ ಸ್ಥಾನಕ್ಕೆ ಬಂದವರು ಆ ಸಂಪ್ರದಾಯವನ್ನು ಉಳಿಸಿಕೊಂಡರು.

ಶೀಶೆಯೊಳಗೆ ಏನಿದೆ?

ಬಣ್ಣದ ದ್ರವಗಳಲ್ಲಿ ಎರಡು ಬಗೆ. ಮೊದಲನೆಯದರಲ್ಲಿ ಬಣ್ಣದ ಅತಿ ಸಣ್ಣ ಕಣಗಳು ನೀರಿನಲ್ಲಿ ತೇಲುತ್ತಿರುತ್ತವೆ. ಕಾಡಿಗೆಯ ಮಸಿ ಈ ಬಗೆಯದು. ಎರಡನೆಯದರಲ್ಲಿ ಬಣ್ಣ ಸಕ್ಕರೆಯಂತೆ ನೀರಿನಲ್ಲಿ ಪೂರ್ತಿ ಕರಗಿರುತ್ತದೆ. ಫೌಂಟನ್ ಪೆನ್ನಿನ ಬಹುಪಾಲು ಬಣ್ಣದ ಶಾಯಿಗಳು ಈ ಎರಡನೆಯ ಬಗೆಯವು. ಪೆನ್ನಿನೊಳಗಿನ ಕಾಲುವೆ ಕೂದಲೆಳೆಯಷ್ಟು ಕಿರಿದು. ಅಲ್ಲಿ ಕಣಗಳು ಕೂತು ಒಣಗಿದರೆ ದಾರಿಯೇ ಕಟ್ಟಿಬಿಡುತ್ತದೆ. ಕರಗಿದ ಬಣ್ಣಕ್ಕೆ ಆ ಭಯ ಕಡಿಮೆ.

ಇಂಥ ಕೃತಕ ಬಣ್ಣಗಳ ಯುಗ ಆರಂಭವಾದದ್ದು 1856ರಲ್ಲಿ. ಹದಿನೆಂಟು ವರ್ಷದ ವಿಲಿಯಂ ಪರ್ಕಿನ್ ಲಂಡನ್ನಿನಲ್ಲಿ ಮಲೇರಿಯಾದ ಔಷಧಿ ಕ್ವಿನೈನ್ ಮಾಡಲು ಹೊರಟು ನೇರಳೆ ಬಣ್ಣವೊಂದನ್ನು ಕಂಡುಹಿಡಿದ. 1877ರಲ್ಲಿ ‘ಮ್ಯಾಲಕೈಟ್ ಗ್ರೀನ್’ ಸಿದ್ಧವಾಯಿತು. ಮ್ಯಾಲಕೈಟ್ ಎಂಬುದು ತಾಮ್ರದ ಹಸಿರು ಅದಿರಾದರೂ ಈ ಬಣ್ಣದಲ್ಲಿ ತಾಮ್ರದ ಲವಲೇಶವೂ ಇಲ್ಲ, ಹೋಲಿಕೆಗಾಗಿ ಆ ಹೆಸರು. ಈ ಬಣ್ಣಗಳೆಲ್ಲ ಮೊದಲು ಹೋದದ್ದು ಬಟ್ಟೆಯ ಗಿರಣಿಗಳಿಗೆ. 1884ರಲ್ಲಿ ಅಮೆರಿಕದ ವಾಟರ್‌ಮನ್ ತನ್ನ ಫೌಂಟನ್ ಪೆನ್ನಿಗೆ ಹಕ್ಕುಸ್ವಾಮ್ಯ ಪಡೆದ. ಆ ಬಗೆಯ ಪೆನ್ನುಗಳು ಹಬ್ಬಿದಂತೆ ಕರಗುವ ಬಣ್ಣಗಳಿಗೆ ಹೊಸ ದಾರಿ ತೆರೆಯಿತು.

ಕರಗಿದ ಬಣ್ಣ ಹೊಳೆಯುವುದೇಕೆ? ಅದರ ಮೂಲಕ ಬೆಳಕು ಹಾದು, ಕೆಳಗಿನ ಬಿಳಿ ಕಾಗದಕ್ಕೆ ತಾಗಿ ಮರಳಿ ಬರುತ್ತದೆ. ದೀಪದ ಮುಂದೆ ಬಣ್ಣದ ಗಾಜು ಹಿಡಿದಂತೆ. ಜತೆಗೆ ನಮ್ಮ ಕಣ್ಣು ಅತ್ಯಂತ ಚುರುಕಾಗಿ ಗ್ರಹಿಸುವುದು ಹಳದಿ ಬೆರೆತ ಹಸಿರನ್ನೇ. ಆದ್ದರಿಂದ ಉಜ್ವಲ ಹಸಿರು ಶಾಯಿ ಪುಟದಿಂದ ಎದ್ದು ಬಂದಂತೆ ಕಾಣುತ್ತದೆ.

ಆದರೆ ಈ ಗುಣವೇ ಅದರ ದೌರ್ಬಲ್ಯ. ಕಣದ ರೂಪದಲ್ಲಿದ್ದರೆ ಹೊರಗಿನ ಪದರ ಹಾಳಾದರೂ ಒಳಗಿನದು ಬದುಕುತ್ತದೆ. ಕರಗಿದ ಬಣ್ಣದಲ್ಲಿ ಪ್ರತಿಯೊಂದು ಅಣುವೂ ಒಂಟಿ. ಬೆಳಕು ಮತ್ತು ಗಾಳಿಯ ಹೊಡೆತವನ್ನು ಅದು ಒಂಟಿಯಾಗಿಯೇ ತಾಳಬೇಕು. ಅಲ್ಲದೆ ನೀರಿನಲ್ಲಿ ಕರಗಿ ಬಂದದ್ದು ನೀರು ಬಿದ್ದರೆ ಮತ್ತೆ ಕರಗಿ ಹೋಗಲು ಸದಾ ಸಿದ್ಧ.

ಭಾರತೀಯ ಮಾನಕ ಬ್ಯೂರೊ ಇದನ್ನು ಅರಿತೇ ಎರಡು ಪ್ರತ್ಯೇಕ ಮಾನಕಗಳನ್ನು ರೂಪಿಸಿತು. ಕಬ್ಬಿಣ ಮತ್ತು ಒಗರು ಸೇರಿದ ಫೌಂಟನ್ ಪೆನ್ ಶಾಯಿಗೆ ಐಎಸ್ 220. ನೀಲಿ, ಹಸಿರು, ನೇರಳೆ, ಕಪ್ಪು, ಕೆಂಪು ಎಂಬ ಐದು ಕರಗುವ ಬಣ್ಣದ ಶಾಯಿಗಳಿಗೆ ಐಎಸ್ 1221. ಹಸಿರು ಯಾವ ಪಂಕ್ತಿಯಲ್ಲಿ ಕುಳಿತಿದೆ ಎಂಬುದನ್ನು ಗಮನಿಸಿ.

ಮನೆಯಲ್ಲೇ ಪರೀಕ್ಷೆ

ಹೊಸ ಹಸಿರು ಶಾಯಿ ತಂದವರು ಮಾಡಬಹುದಾದ ಐದು ಪರೀಕ್ಷೆಗಳಿವೆ. ಬೇಕಾದದ್ದು ಒಂದು ತೊಳೆದ ಪೆನ್ನು, ಎರಡು ಮೂರು ಬಗೆಯ ಕಾಗದ, ಒಂದು ಲೋಟ ನೀರು ಮತ್ತು ಬಿಸಿಲು.

ಮೊದಲನೆಯದು ಕಾಗದದ ಪರೀಕ್ಷೆ. ಒಂದೇ ಸಾಲನ್ನು ಪತ್ರಿಕೆಯ ಅಂಚಿನ ಖಾಲಿ ಜಾಗದಲ್ಲಿ, ಶಾಲೆಯ ನೋಟ್‌ಬುಕ್ಕಿನಲ್ಲಿ ಮತ್ತು ಒಳ್ಳೆಯ ಬಾಂಡ್ ಕಾಗದದ ಮೇಲೆ ಬರೆಯಿರಿ. ಪತ್ರಿಕೆಯ ಮೇಲೆ ಅಕ್ಷರದ ಅಂಚು ಜೇಡರ ಬಲೆಯಂತೆ ಹರಡುತ್ತದೆ. ಬರೆಯುವ ಕಾಗದಕ್ಕೆ ರಾಳ, ಪಟಿಕ ಮೊದಲಾದವನ್ನು ಸೇರಿಸಿ ನೀರು ಬೇಗ ಹೀರದಂತೆ ಮಾಡಿರುತ್ತಾರೆ. ಪತ್ರಿಕೆಯ ಕಾಗದಕ್ಕೆ ಆ ಉಪಚಾರ ಇರುವುದಿಲ್ಲ. 1936ರಲ್ಲಿ ಸ್ಥಾಪನೆಯಾದ ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ ಒಂದು ಕಾಲದಲ್ಲಿ ಈ ಎರಡೂ ಬಗೆಯ ಕಾಗದವನ್ನು ತಯಾರಿಸುತ್ತಿತ್ತು. ಶಾಯಿ ಹರಡಿತೆಂದು ಶಾಯಿಯನ್ನೇ ದೂರುವ ಮುನ್ನ ಕಾಗದವನ್ನು ನೋಡಬೇಕು. ಒಳ್ಳೆಯ ಕಾಗದದ ಮೇಲೂ ಹರಡಿದರೆ, ಹಾಳೆಯ ಹಿಂಬದಿಗೆ ಇಳಿದರೆ, ಆಗ ಶಾಯಿಯದೇ ತಪ್ಪು.

ಎರಡನೆಯದು ಒಣಗುವ ಹೊತ್ತು. ಐದು ಗೆರೆ ಎಳೆದು ಐದು, ಹತ್ತು, ಹದಿನೈದು ಸೆಕೆಂಡು ಹೀಗೆ ಬಿಟ್ಟು ಬಿಟ್ಟು ಒಂದೊಂದನ್ನು ಬೆರಳಿನಿಂದ ಒರೆಸಿ. ಮಳೆಗಾಲದ ತೇವದಲ್ಲಿ ಶಾಯಿ ನಿಧಾನವಾಗಿ ಒಣಗುತ್ತದೆ, ಏಪ್ರಿಲ್ ಬೇಸಿಗೆಯಲ್ಲಿ ಬೇಗ. ಬೇಗ ಒಣಗುವುದು ಕಾಗದಕ್ಕೆ ಒಳ್ಳೆಯದಾದರೂ ಪೆನ್ನಿಗೆ ಒಳ್ಳೆಯದಲ್ಲ. ಮುಚ್ಚಳ ತೆಗೆದಿಟ್ಟ ಪೆನ್ನು ಕೆಲವು ನಿಮಿಷಗಳ ನಂತರ ಮೊದಲ ಗೆರೆಗೇ ಬರೆಯುತ್ತದೆಯೇ ಎಂದೂ ನೋಡಿ.

ಮೂರನೆಯದು ಸೋಸುವ ಕಾಗದದ ಪಟ್ಟಿ. ಬ್ಲಾಟಿಂಗ್ ಪೇಪರ್ ಅಥವಾ ಕಾಫಿ ಸೋಸುವ ಕಾಗದವನ್ನು ಎರಡು ಬೆರಳಗಲಕ್ಕೆ ಕತ್ತರಿಸಿ. ಕೆಳತುದಿಯಿಂದ ಎರಡು ಸೆಂಟಿಮೀಟರ್ ಮೇಲೆ ಶಾಯಿಯ ಚುಕ್ಕೆ ಇಡಿ. ಒಣಗಿದ ಮೇಲೆ ತುದಿ ಮಾತ್ರ ಮುಳುಗುವಂತೆ, ಚುಕ್ಕೆಗೆ ನೀರು ತಾಗದಂತೆ, ಲೋಟದಲ್ಲಿ ನಿಲ್ಲಿಸಿ. ನೀರು ಪಟ್ಟಿಯನ್ನು ಏರುತ್ತಾ ಬಣ್ಣವನ್ನು ಎಳೆದುಕೊಂಡು ಹೋಗುತ್ತದೆ. ಕಾಲು ಗಂಟೆಯಲ್ಲಿ ಗುಟ್ಟು ರಟ್ಟು! ಎಷ್ಟೋ ಹಸಿರು ಶಾಯಿಗಳು ಇಲ್ಲಿ ಹಳದಿ ಪಟ್ಟೆಯಾಗಿ, ನೀಲಿ ಪಟ್ಟೆಯಾಗಿ ಬೇರೆಯಾಗುತ್ತವೆ. ಹಳೆಯ ಚಿತ್ರಕಾರ ಹರಿತಾಳಕ್ಕೆ ನೀಲಿ ಬೆರೆಸಿದ ಉಪಾಯವೇ ಇಂದಿನ ಶೀಶೆಯಲ್ಲೂ ಇದೆ. ಒಂದೇ ಪಟ್ಟೆ ಬಂದರೆ ಅದು ಒಂಟಿ ಬಣ್ಣವಿರಬಹುದು.

ಈ ವಿಧಾನಕ್ಕೆ ‘ಕ್ರೊಮ್ಯಾಟೊಗ್ರಫಿ’ ಎಂದು ಹೆಸರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರಷ್ಯಾದ ಸಸ್ಯವಿಜ್ಞಾನಿ ಮಿಖಾಯಿಲ್ ಸ್ವೆಟ್ ಎಲೆಯ ಹಸಿರನ್ನು ಇದೇ ತತ್ವದಿಂದ ಹಲವು ಬಣ್ಣಗಳಾಗಿ ಬೇರ್ಪಡಿಸಿದ. ಕಾಗದದ ಮೇಲೆ ಇದನ್ನು ಸುಧಾರಿಸಿದ ಆರ್ಚರ್ ಮಾರ್ಟಿನ್ ಮತ್ತು ರಿಚರ್ಡ್ ಸಿಂಜ್ ಅವರಿಗೆ 1952ರ ನೊಬೆಲ್ ಪ್ರಶಸ್ತಿ ಬಂತು. ಖೋಟಾ ದಾಖಲೆಗಳ ತನಿಖೆಯಲ್ಲಿ, ಎರಡು ಸಾಲುಗಳನ್ನು ಒಂದೇ ಶಾಯಿಯಿಂದ ಬರೆದಿದ್ದಾರೆಯೇ ಎಂದು ತಿಳಿಯಲು ತಜ್ಞರು ಈ ತತ್ವವನ್ನೇ ಬಳಸುತ್ತಾರೆ.

ನಾಲ್ಕನೆಯದು ನೀರಿನ ಪರೀಕ್ಷೆ. ಬರೆದು ಒಂದು ದಿನ ಒಣಗಲು ಬಿಡಿ. ಆಮೇಲೆ ಒಂದು ಸಾಲಿನ ಮೇಲೆ ಒಂದು ಹನಿ ನೀರು ಹಾಕಿ, ಒಂದು ನಿಮಿಷ ಕಳೆದು ಒತ್ತಿ ತೆಗೆಯಿರಿ. ಇನ್ನೊಂದು ಸಾಲನ್ನು ಹತ್ತು ನಿಮಿಷ ನೀರಿನಲ್ಲಿ ಮುಳುಗಿಸಿಡಿ. ಬೆರಕೆಯ ಹಸಿರಾದರೆ ಒಂದು ಬಣ್ಣ ಹೋಗಿ ಇನ್ನೊಂದರ ಮಸುಕು ನೆರಳು ಉಳಿಯಬಹುದು. ಕೆಲವು ಶಾಯಿಗಳಲ್ಲಿ ಏನೂ ಉಳಿಯುವುದಿಲ್ಲ, ತೊಳೆದ ಹಾಳೆ ಖಾಲಿ. ತುಂಗಭದ್ರೆ ತುಂಬಿ ಹರಿಯುವ ಮಳೆಗಾಲದಲ್ಲಿ ದಡದ ಮನೆಗಳಿಗೆ, ಸೋರುವ ಮಾಡಿನ ಮನೆಗಳಿಗೆ ಈ ಪರೀಕ್ಷೆಯ ಅರ್ಥವನ್ನು ಬೇರೆ ವಿವರಿಸಬೇಕಿಲ್ಲ. ಅಂಥ ಮನೆಯಲ್ಲಿ ಸಾಲದ ಲೆಕ್ಕವೋ ಭಾಗಪತ್ರದ ಟಿಪ್ಪಣಿಯೋ ನೀರು ಕುಡಿದರೆ, ಕಾಗದ ಒಣಗೀತು, ಅಕ್ಷರ ಮರಳದು.

ಐದನೆಯದು ಬಿಸಿಲು. ಬಟ್ಟೆಗಿರಣಿಗಳಿಂದಾಗಿ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂದು ಹೆಸರಾಗಿದ್ದ ದಾವಣಗೆರೆಯ ಜನರಿಗೆ ಬಣ್ಣ ‘ಬಿಡುವುದು’ ಮತ್ತು ‘ಮಾಸುವುದು’ ಬೇರೆ ಬೇರೆ ಎಂದು ಗೊತ್ತು. ಮೊದಲನೆಯದು ನೀರಿನ ಕೆಲಸ, ಎರಡನೆಯದು ಬೆಳಕಿನದು. ಬಟ್ಟೆ ಉದ್ಯಮದವರು ಮಾಸುವುದನ್ನು ಅಳೆಯಲು ನೀಲಿ ಉಣ್ಣೆಯ ಎಂಟು ತುಂಡುಗಳ ಅಳತೆಪಟ್ಟಿ ಬಳಸುತ್ತಾರೆ. ಒಂದನೆಯದು ಎಲ್ಲಕ್ಕಿಂತ ಬೇಗ ಮಾಸುತ್ತದೆ, ಎಂಟನೆಯದು ಎಲ್ಲಕ್ಕಿಂತ ನಿಧಾನ. ಮನೆಯಲ್ಲಿ ಅಷ್ಟೆಲ್ಲ ಬೇಡ. ಒಂದು ಹಾಳೆಯಲ್ಲಿ ಹಸಿರು, ನೀಲಿ, ಬ್ಲೂ-ಬ್ಲ್ಯಾಕ್ ಮೂರರಲ್ಲೂ ಒಂದೊಂದು ಸಾಲು ಬರೆದು, ಅರ್ಧ ಭಾಗವನ್ನು ದಪ್ಪ ರಟ್ಟಿನಿಂದ ಮುಚ್ಚಿ ಬಿಸಿಲು ಬೀಳುವ ಕಿಟಕಿಗೆ ಅಂಟಿಸಿ. ವಾರಕ್ಕೊಮ್ಮೆ ರಟ್ಟು ಸರಿಸಿ ಎರಡೂ ಭಾಗ ಹೋಲಿಸಿ, ಹಾಳೆಯ ಹಿಂದೆ ತಾರೀಖು ಬರೆದಿಡಿ.

ಹಸಿರು ಇಲ್ಲಿ ಸೋಲುವ ಬಗೆ ಕುತೂಹಲಕರ. ಬೆರಕೆಯಾಗಿದ್ದರೆ ಎರಡು ಬಣ್ಣಗಳೂ ಒಂದೇ ವೇಗದಲ್ಲಿ ಮಾಸುವುದಿಲ್ಲ. ಹಳದಿ ಮೊದಲು ಹೋದರೆ ಬರಹ ನೀಲಿಗೆ ತಿರುಗುತ್ತದೆ, ನೀಲಿ ಮೊದಲು ಹೋದರೆ ಹಳದಿಗೆ. ಹಳದಿ ಅಕ್ಷರವೆಂದರೆ ಬಿಳಿ ಹಾಳೆಯ ಮೇಲೆ ಇಲ್ಲದಂತೆಯೇ. ಕೊಯ್ದ ಹುಲ್ಲು ಬಿಸಿಲಿಗೆ ಒಣಗಿ ಬಣವೆಯ ಬಣ್ಣಕ್ಕೆ ಬರುವುದನ್ನು ಬಾತಿಯ ರೈತರು ಪ್ರತಿ ಸುಗ್ಗಿಯಲ್ಲೂ ಕಾಣುತ್ತಾರೆ. ಬೆಳಕು ಹಸಿರಿನ ಅಣುವನ್ನು ಮುರಿಯುವ ಪರಿ ಅಲ್ಲೂ ಇಲ್ಲೂ ಹೆಚ್ಚುಕಡಿಮೆ ಒಂದೇ. ಜೀವಂತ ಎಲೆ ಹೊಸ ಹಸಿರನ್ನು ಮಾಡಿಕೊಳ್ಳುತ್ತಲೇ ಇರುತ್ತದೆ. ಕಾಗದಕ್ಕೆ ಆ ಶಕ್ತಿ ಇಲ್ಲ.

ಬಿಸಿಲಿಗೆ ಕಪ್ಪಾಗುವ ಶಾಯಿ

ಬೆಳಕನ್ನು ಕಂಡರೆ ಗಟ್ಟಿಯಾಗುವ ಶಾಯಿಯೂ ನಮ್ಮ ರಾಜ್ಯದಲ್ಲೇ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ, 1937ರಲ್ಲಿ ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಆರಂಭವಾಯಿತು. ಇಂದು ಅದು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂಬ ರಾಜ್ಯ ಸರ್ಕಾರದ ಸಂಸ್ಥೆ. 1962ರ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುತ್ತಿರುವುದು ಇಲ್ಲಿ ತಯಾರಾದ ಶಾಯಿ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಅದರ ಸೂತ್ರವನ್ನು ರೂಪಿಸಿತು. ಅದರಲ್ಲಿರುವ ಬೆಳ್ಳಿಯ ಲವಣ ಚರ್ಮಕ್ಕೆ ಅಂಟಿಕೊಂಡು ಬೆಳಕಿಗೆ ಕಪ್ಪಾಗುತ್ತದೆ. ಸೋಪಿಗೂ ಜಗ್ಗುವುದಿಲ್ಲ. ಉಗುರು ಬೆಳೆದು, ಚರ್ಮ ಹೊಸದಾದಾಗಲೇ ಅದು ಮರೆಯಾಗುವುದು.

ಬ್ಲೂ-ಬ್ಲ್ಯಾಕ್‌ನಲ್ಲಿ ಕಬ್ಬಿಣ, ಚುನಾವಣೆಯ ಶಾಯಿಯಲ್ಲಿ ಬೆಳ್ಳಿ. ಎರಡೂ ತಾವು ತಾಗಿದ ಜಾಗದಲ್ಲಿ ಹೊಸ ವಸ್ತುವಾಗಿ ಮಾರ್ಪಟ್ಟು ನೆಲೆಯೂರುತ್ತವೆ. ಉಜ್ವಲ ಹಸಿರಿಗೆ ಇಂಥ ಮಾರ್ಪಾಡು ಇಲ್ಲ. ಅದು ಬಂದಂತೆಯೇ ಇರುತ್ತದೆ, ಬಂದ ದಾರಿಯಲ್ಲೇ ಹೊರಟುಹೋಗುತ್ತದೆ.

ಹಾಗಾದರೆ ಏನು ಮಾಡಬೇಕು?

ಹಸಿರು ಶಾಯಿಯನ್ನು ಎಸೆಯಬೇಕಿಲ್ಲ. ತಿದ್ದುಪಡಿಗೆ, ಅಡಿಗೆರೆಗೆ, ಗೆಳೆಯರ ಕಾಗದಕ್ಕೆ, ಮಕ್ಕಳ ಅಭ್ಯಾಸಕ್ಕೆ ಅದರಷ್ಟು ಮುದ ಕೊಡುವ ಬಣ್ಣ ಇನ್ನೊಂದಿಲ್ಲ. ಮುಚ್ಚಿದ ನೋಟ್‌ಬುಕ್ಕಿನ ಕತ್ತಲೆಯಲ್ಲಿ, ಒಣ ಜಾಗದಲ್ಲಿ ಅದು ಬಹುಕಾಲ ಬಾಳುತ್ತದೆ. ಆದರೆ ಮುಂದಿನ ತಲೆಮಾರಿಗೆ ಬೇಕಾದ ಬರಹಕ್ಕೆ ಕಬ್ಬಿಣದ ಬ್ಲೂ-ಬ್ಲ್ಯಾಕ್ ಅಥವಾ ಫೌಂಟನ್ ಪೆನ್ನಿಗೆಂದೇ ತಯಾರಿಸಿದ ಕಣರೂಪದ ಕಪ್ಪು ಶಾಯಿ ಲೇಸು. ಎರಡು ಶಾಯಿಗಳನ್ನು ಪೆನ್ನಿನಲ್ಲೇ ಬೆರೆಸುವ ಚಟ ಬೇಡ. ಒಂದಕ್ಕೊಂದು ಹೊಂದದಿದ್ದರೆ ಗಸಿ ಕಟ್ಟಿ ನಾಲಗೆಯ ಕಾಲುವೆ ಮುಚ್ಚಿಹೋಗುತ್ತದೆ. ಬಣ್ಣ ಬದಲಿಸುವಾಗ ತಣ್ಣೀರಿನಲ್ಲಿ ಪೆನ್ನನ್ನು ತೊಳೆಯಬೇಕು.

ಮನೆಯಲ್ಲಿ ಹಸಿರು ಸಹಿಯ ಹಳೆಯ ಕಾಗದಗಳಿದ್ದರೆ ಗೋಡೆಗೆ ತೂಗುಹಾಕಬೇಡಿ. ಲ್ಯಾಮಿನೇಷನ್ ನೀರನ್ನು ತಡೆದೀತು, ಬೆಳಕನ್ನು ತಡೆಯದು. ಒಮ್ಮೆ ಮಾಡಿಸಿದರೆ ಬಿಡಿಸುವುದೂ ಕಷ್ಟ. ಸಹಿ ಕಣ್ಣಿಗೆ ಕಾಣುತ್ತಿರುವಾಗಲೇ ಬಣ್ಣದ ಪ್ರತಿಯನ್ನು ತೆಗೆದಿಡುವುದು ಒಳ್ಳೆಯದು. ತೆಳು ಹಸಿರು ಕಪ್ಪು-ಬಿಳುಪು ಜೆರಾಕ್ಸಿನಲ್ಲಿ ಮಂಕಾಗಿ ಮೂಡುತ್ತದೆ. ಮೂಲವನ್ನು ಲಕೋಟೆಯೊಳಗೆ, ನೆಲದಿಂದ ಮೇಲೆ, ತೇವ ತಾಗದ ಕಡೆ ಇಡಬೇಕು.

ಸಹಿ ಹಾಕಿದ ಅಧಿಕಾರಿ ವರ್ಗವಾಗಿ ಹೋಗುತ್ತಾರೆ, ನಿವೃತ್ತರಾಗುತ್ತಾರೆ. ಕಾಗದ ಮಾತ್ರ ಅದನ್ನು ಪಡೆದವರ ಮನೆಯಲ್ಲೇ ಉಳಿಯುತ್ತದೆ. ಅದರ ಮೇಲಿನ ಬಣ್ಣ ಎಂಥದೆಂದು ತಿಳಿದುಕೊಳ್ಳಬೇಕಾದವರೂ ಅವರೇ. ಒಂದು ಹನಿ ನೀರು ಮತ್ತು ಕಿಟಕಿಯ ಬಿಸಿಲು ಆ ಸಂಗತಿಯನ್ನು ಖರ್ಚಿಲ್ಲದೆ ಹೇಳುತ್ತವೆ. ಪರೀಕ್ಷೆಯನ್ನು ಬೇರೆ ಹಾಳೆಯ ಮೇಲೆ, ಅಂಥದೇ ಶಾಯಿಯಿಂದ ಮಾಡಬೇಕು ಎಂಬುದನ್ನಷ್ಟೇ ಮರೆಯಬಾರದು.